ಮಾರಿಸ್ ಮೈನರ್ 1000: ಬಿಸಿಲೇರಿದ ಮ್ಯಾಲೆ ನಿಂತುಬಿಡ್ತದ, ಅರ್ಧ ತಾಸು ಬಿಟ್ಟರೆ ತಾನೇ ಸ್ಟಾರ್ಟ್ ಆಗ್ತದ

ರಾಯಚೂರು_948

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 1959ರ ಮಾರಿಸ್ ಮೈನರ್ 1000. 948 ಸಿಸಿ ಎ-ಸೀರೀಸ್ ಎಂಜಿನ್, ಎಸ್‌ಯು ಕಂಪನಿದ್ದ ಎಚ್2 ಕಾರ್ಬೊರೇಟರ್, ಬಾನೆಟ್ ಒಳಗ ಹಿಂದಿನ ತಗಡಿಗೆ ಕೂಡಿಸಿದ ಎಸ್‌ಯು ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್. ವೈರಿಂಗ್ ಕಂಪನಿದ್ದ ಹಂಗೇ ಅದ, ಪಾಸಿಟಿವ್ ಅರ್ತ್ (ಬ್ಯಾಟರಿ ಪ್ಲಸ್ ತುದಿ ಗಾಡಿ ಬಾಡಿಗೆ).

ಮುಂಜಾನೆ 7ಕ್ಕ ಹೊಂಟರೆ ರಾಯಚೂರಿಂದ ಸಿಂಧನೂರು ತನಕ ಏನೂ ತಕರಾರು ಇಲ್ಲ. 11ರ ಮ್ಯಾಲೆ ಹೊಂಟರೆ ಮಾನ್ವಿ ದಾಟೋದ್ರೊಳಗ ಎಳೆತ ಕಮ್ಮಿ ಆಗ್ತದ, ಜಗ್ಗಿ ಜಗ್ಗಿ ಬಿಡ್ತದ, ಆಮ್ಯಾಲೆ ಬಂದ್. ಅರ್ಧ ತಾಸು ನೆರಳಿಗೆ ನಿಲ್ಲಿಸಿದರೆ ತಾನೇ ಸ್ಟಾರ್ಟ್ ಆಗ್ತದ. ರೇಡಿಯೇಟರ್ ಉಕ್ಕಿಲ್ಲ, ಹಬೆ ಬಂದಿಲ್ಲ, ಆದರ ಮ್ಯಾಲಿನ ಟ್ಯಾಂಕ್ ಮುಟ್ಟಾಕ ಆಗಂಗಿಲ್ಲ. ಟೆಂಪರೇಚರ್ ಮೀಟರ್ ಈ ಗಾಡಿಗೆ ಮೊದಲಿಂದ್ಲೂ ಇಲ್ಲ. ರೇಡಿಯೇಟರ್‌ಗೆ ಹಾಕ್ತಿರೋದು ಬೋರ್ ನೀರು.

ಪ್ಲಗ್, ಪಾಯಿಂಟ್, ಕಂಡೆನ್ಸರ್ ಹೊಸಾವು ಹಾಕೀನಿ. ಒಬ್ಬರು ಥರ್ಮೋಸ್ಟಾಟ್ (ನೀರು ಕಾದ ಮ್ಯಾಲೆ ರೇಡಿಯೇಟರ್‌ಗೆ ದಾರಿ ಬಿಡೋ ವಾಲ್ವ್) ಕಿತ್ತು ಒಗೀರಿ ಅಂತಾರ, ಇನ್ನೊಬ್ಬರು ಎಸ್‌ಯು ಪಂಪ್ ತಗದು ಅಂಗಡ್ಯಾಗ ಸಿಗೋ ಯೂನಿವರ್ಸಲ್ ಪಂಪ್ ಹಾಕ್ರಿ ಅಂತಾರ. ಯಾವುದು ಸರಿ?

ಪಾಸಿಟಿವ್_ಅರ್ತ್, ಬಳ್ಳಾರಿ

ಸರ್, ಸದ್ಯಕ್ಕೆ ಏನೂ ಕೊಳ್ಳಬೇಡಿ, ಏನೂ ಕೀಳಬೇಡಿ. ಬಿಸಿಗೆ ನಿಂತು ತಣ್ಣಗಾದ ಮೇಲೆ ಹೊರಡೋ ಗಾಡಿಯಲ್ಲಿ ಒಂದೋ ಪೆಟ್ರೋಲ್ ಬರ್ತಿಲ್ಲ, ಇಲ್ಲ ಕರೆಂಟ್ ಬರ್ತಿಲ್ಲ. ಯಾವುದು ಅಂತ ಗೊತ್ತಾಗೋದು ಗಾಡಿ ನಿಂತ ಮೊದಲ ಐದು ನಿಮಿಷದಲ್ಲಿ ಮಾತ್ರ. ತಣ್ಣಗಾದ ಮೇಲೆ ಎಷ್ಟು ಪರೀಕ್ಷೆ ಮಾಡಿದರೂ ಎಲ್ಲಾ ಸರಿಯಾಗೇ ಕಾಣುತ್ತೆ.

ನಿಂತ ತಕ್ಷಣ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೀರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ. ನಮ್ಮ ಕಡೆ ಅದಿರಿನ ಕೆಂಧೂಳಿಗೆ ಇದು ಕಟ್ಟೋದು ಸಾಮಾನ್ಯ. ಟ್ಯಾಂಕ್ ಒಳಗೆ ನಿರ್ವಾತ ಆಗಿ ಪಂಪ್ ಎಳೆಯಲಾರದೆ ಸೋಲುತ್ತೆ.

ಆಮೇಲೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ತಿರುಗಿಸದೆ ಪಂಪಿನ ಸದ್ದು ಕೇಳಿ. ನಾಲ್ಕಾರು ಸಲ ಟಕ್ ಟಕ್ ಅಂದು ನಿಂತರೆ ಕಾರ್ಬೊರೇಟರಿಗೆ ಪೆಟ್ರೋಲ್ ಹಿಡಿದಿಡೋ ಫ್ಲೋಟ್ ಬಟ್ಟಲು ತುಂಬಿದೆ, ಪೆಟ್ರೋಲ್ ಕಡೆ ದೋಷ ಇಲ್ಲ. ನಿಲ್ಲದೆ ಟಕಟಕಟಕ ಅಂತ ಜೋರಾಗಿ ಹೊಡ್ಕೊಂಡರೆ ಪಂಪ್ ಪೆಟ್ರೋಲ್ ಬದಲು ಗಾಳಿ ಇಲ್ಲ ಆವಿ ಎಳೀತಿದೆ. ಸದ್ದೇ ಇಲ್ಲ ಅಂದರೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಪಂಪಿನ ಮೈಗೆ ಮೆಲ್ಲಗೆ ತಟ್ಟಿ. ಆಗ ಎದ್ದರೆ ಅದರೊಳಗಿನ ಪಾಯಿಂಟ್ ಸುಟ್ಟಿವೆ.

ಮೂರನೇದು ಕರೆಂಟ್. ಡಿಸ್ಟ್ರಿಬ್ಯೂಟರ್ ಮಧ್ಯದ ವೈರ್ ಕಿತ್ತು, ಒಣಬಟ್ಟೆಯಲ್ಲಿ ಹಿಡಿದು, ಬ್ಲಾಕಿನಿಂದ 6 ಮಿ.ಮೀ. ದೂರ ಇಟ್ಟು ಸೆಲ್ಫ್ ಹೊಡೆಸಿ. ದಪ್ಪ ನೀಲಿ ಕಿಡಿ ಬರಬೇಕು. ಸಣಕಲು ಹಳದಿ ಕಿಡಿ ಆದರೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡೋದು) ಅನುಮಾನ. ಈ ಗಾಡಿಗೆ ಬೇಕಾದ ಕಾಯಿಲ್‌ನ ಪ್ರೈಮರಿ ಮಲ್ಟಿಮೀಟರಿನಲ್ಲಿ ಸುಮಾರು 3 ಓಮ್ ತೋರಿಸಬೇಕು. 1.5 ಓಮ್‌ನ ಬ್ಯಾಲಾಸ್ಟ್ ಕಾಯಿಲ್ (ಬೇರೆ ರೆಸಿಸ್ಟರ್ ಜೊತೆಗೇ ಹಾಕಬೇಕಾದ್ದು) ಯಾರಾದರೂ ನೇರವಾಗಿ ಹಾಕಿದ್ದರೆ ಅದು ಕಾದು ಬಿಸಿಲಲ್ಲಿ ಕೈ ಕೊಡುತ್ತೆ, ಪಾಯಿಂಟೂ ಬೇಗ ಸುಡುತ್ತವೆ.

ಈ ಕಿಡಿ ಪರೀಕ್ಷೆ ಮಾಡುವಾಗ ಪೆಟ್ರೋಲ್ ಪೈಪ್ ಯಾವುದೂ ಬಿಚ್ಚಿರಬಾರದು. ಅದನ್ನು ಮರೀಬೇಡಿ.

ಸವುಳು_ನೀರು, ಕೊಪ್ಪಳ

ಮ್ಯಾಲಿನವರು ಹೇಳಿದ್ದು ಸರಿ ಐತಿ, ಮೊದಲು ಅದನ್ನ ಮಾಡ್ರಿ. ನಾನು ನೀರಿನ ಕಡೆ ಹೇಳ್ತೀನಿ. ಬೋರ್ ನೀರು ಅಂದ್ರಲ್ಲ, ನನಗ ಅಲ್ಲೇ ಅನುಮಾನ ಬಂತು. ನಮ್ಮ ಮೂರೂ ಜಿಲ್ಲೆದಾಗ ಬೋರ್ ನೀರು ಗಡಸು. ಅನ್ನದ ಪಾತ್ರಿಗೆ ಬಿಳಿ ಪದರ ಕಟ್ಟೋದನ್ನ ಮನ್ಯಾಗ ನೋಡಿರ್ತೀರಿ. ಅದೇ ಪದರ ರೇಡಿಯೇಟರ್ ನಳಿಗೆ ಒಳಗೂ, ಬ್ಲಾಕ್ ಒಳಗೂ ಕಟ್ಟತೈತಿ. ಸುಣ್ಣದ ಪದರ ಶಾಖ ದಾಟಾಕ ಬಿಡೂದಿಲ್ಲ. ನೀರು ಉಕ್ಕದಿದ್ರೂ ಬಾನೆಟ್ ಒಳಗ ಎಲ್ಲಾ ಕಾಯತೈತಿ, ಕಾರ್ಬೊರೇಟರ್ ಮತ್ತ ಪಂಪ್ ಸೇರಿ.

ಮೊದಲು ತಪಾಸಣಿ. ಗಾಡಿ ಪೂರಾ ಬಿಸಿ ಆದ ಮ್ಯಾಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರ್ ಮೈಗೆ ಮ್ಯಾಲಿಂದ ಕೆಳಗ, ಎಡದಿಂದ ಬಲಕ್ಕ ನೋಡ್ರಿ. ಶಾಖ ಮ್ಯಾಲಿಂದ ಕೆಳಗ ಒಂದೇ ಸಮ ಇಳೀಬೇಕು. ನಡುವ ಎಲ್ಲರ ಒಂದು ಪಟ್ಟಿ ತಣ್ಣಗ ಇದ್ರ ಅಲ್ಲಿ ನಳಿಗಿ ಕಟ್ಟ್ಯಾವ. ಹೊಳಿಯೋ ಹಿತ್ತಾಳಿ ಮ್ಯಾಲೆ ಆ ಮೀಟರ್ ಸುಳ್ಳು ಹೇಳತೈತಿ, ಅಲ್ಲಿ ಕರೇ ಇನ್ಸುಲೇಷನ್ ಟೇಪ್ ತುಂಡು ಹಚ್ಚಿ ಅದರ ಮ್ಯಾಲೆ ಹಿಡೀರಿ.

ಬ್ಲಾಕ್ ಹಿಂದಿನ ತುದಿಗೆ ಡ್ರೈನ್ ಟ್ಯಾಪ್ ಐತಿ. ಗಾಡಿ ತಣ್ಣಗಿದ್ದಾಗ ತಿರುವ್ರಿ. ನೀರು ಬರದಿದ್ರ ಟ್ಯಾಪ್ ಕೆಟ್ಟೈತಿ ಅಂತ ಬಿಡಬ್ಯಾಡ್ರಿ. ಒಳಗ ಕೆಸರು ಕೂತಿರತೈತಿ. ಟ್ಯಾಪ್ ಬಿಚ್ಚಿ ಸಣ್ಣ ತಂತಿ ಹಾಕಿ ಕೆದಕ್ರಿ, ಕಾಫಿ ಬಣ್ಣದ ರಾಡಿ ಬರತೈತಿ. ನೀರು ಪಂಪಿನಿಂದ ಮುಂದಿನ ಕಡೆ ಒಳಗ ಬರೂದು, ಹಿಂಗಾಗಿ ಕಸ ಎಲ್ಲಾ ಹಿಂದ ನಾಲ್ಕನೇ ಸಿಲಿಂಡರ್ ಸುತ್ತ ಕೂಡತೈತಿ.

ತೊಳಿಯೂ ರೀತಿ ಹೇಳ್ತೀನಿ. ಥರ್ಮೋಸ್ಟಾಟ್ ತಾತ್ಪೂರ್ತಿಕ ಹೊರಗ ತಗೀರಿ, ಇಲ್ಲಾಂದ್ರ ಔಷಧ ರೇಡಿಯೇಟರ್‌ಗೆ ಮುಟ್ಟೂದಿಲ್ಲ. ಎರಡೂ ಹೋಸ್ ಬಿಚ್ಚಿ ರೇಡಿಯೇಟರ್‌ಗೆ ಕೆಳಗಿಂದ ಮ್ಯಾಲೆ ನೀರು ಬಿಟ್ಟು ತೊಳೀರಿ. ಬ್ಲಾಕ್‌ಗೆ ಥರ್ಮೋಸ್ಟಾಟ್ ತೂತಿನಿಂದ ಕೆಳಗ ಬಿಡ್ರಿ. ಆಮ್ಯಾಲೆ ಹೋಸ್ ಜೋಡಿಸಿ, ಲೀಟರಿಗೆ 25 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ ತುಂಬ್ರಿ. ಈ ಗಾಡಿಗೆ ಸುಮಾರು 5 ಲೀಟರ್ ಹಿಡಿಯತೈತಿ, ಅಂದ್ರ 125 ಗ್ರಾಂ. ಹತ್ತು ನಿಮಿಷ ಎಂಜಿನ್ ಓಡಿಸಿ, ಬಂದ್ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ಪೂರಾ ಬಸೀರಿ. ಇನ್ನೊಮ್ಮಿ ಹಂಗ ಮಾಡ್ರಿ. ಒಮ್ಮೆಲೇ ಅರ್ಧ ಕಿಲೋ ಸುರುವಿ ಕುದಿಸಿದ್ರ ಸುಣ್ಣ ಕರಗೂ ಬದಲಿ ಬ್ಯಾರೆ ಬಿಳಿ ಪುಡಿ ಆಗಿ ಅಲ್ಲೇ ಕೂಡತೈತಿ. ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ನೀರಾಗ ಕಡಿಮಿ ಕರಗತೈತಿ, ಅದಕ್ಕ ಎರಡು ಸಲ ತೆಳ್ಳಗ ಮಾಡೂದು. ಕೊನಿಗೆ ನಾಲ್ಕು ಚಮಚ ಅಡಗಿ ಸೋಡಾ ಹಾಕಿದ ನೀರಿಂದ ಒಮ್ಮಿ, ಬರೇ ನೀರಿಂದ ತಿಳಿ ಆಗೂತನ ತೊಳೀರಿ. ಬಚ್ಚಲು ತೊಳಿಯೋ ಆ್ಯಸಿಡ್ ಮಾತ್ರ ಹಾಕಬ್ಯಾಡ್ರಿ, ಹಿತ್ತಾಳಿ ಮತ್ತ ಬೆಸಗಿ ತಿಂದು ಹಾಕತೈತಿ.

ತಣ್ಣನ ಪಟ್ಟಿ ಆಮ್ಯಾಲೂ ಹೋಗಲಿಲ್ಲಂದ್ರ ರೇಡಿಯೇಟರ್ ಅಂಗಡಿಗೆ ಒಯ್ಯಿರಿ. ಮ್ಯಾಲಿನ ಟ್ಯಾಂಕಿನ ಬೆಸಗಿ ಬಿಚ್ಚಿ ಪ್ರತಿ ನಳಿಗಿಗೂ ಚಪ್ಪಟಿ ಸಲಾಕಿ ಹಾಯಿಸೂದು ಟ್ರ್ಯಾಕ್ಟರ್ ರೇಡಿಯೇಟರ್ ಮಾಡೂ ಅಂಗಡಿಯವರಿಗೆಲ್ಲಾ ಗೊತ್ತೈತಿ. ಹೊಸಾ ಅಲ್ಯುಮಿನಿಯಂ ರೇಡಿಯೇಟರ್ ಬೇಕಾಗಿಲ್ಲ.

ಮುಂದ ತುಂಬೂದು ಬ್ಯಾಟರಿಗೆ ಹಾಕೂ ಡಿಸ್ಟಿಲ್ಡ್ ನೀರು (ಆ್ಯಸಿಡ್ ಅಲ್ಲ) ಮತ್ತ ಮೂರನೇ ಒಂದು ಪಾಲು ಹಳೇ ಪದ್ಧತಿಯ ಹಸಿರು ಇಲ್ಲಾ ನೀಲಿ ಕೂಲಂಟ್.

ರಾಯಚೂರು_948

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಎಲ್ಲಾ ನೋಡೀನಿ, ಬರಕೊಂಡಿದ್ದನ್ನ ಹಂಗೇ ಹಾಕ್ತೀನಿ.

ಮುಚ್ಚಳದಾಗ ಉಸ್ ಅನ್ನಲಿಲ್ಲ. ನಿಂತಾಗ ಪಂಪ್ ಟಕಟಕ ಅಂತ ಜೋರು ಹೊಡ್ಕೊಂತು, ನಿಲ್ಲಲೇ ಇಲ್ಲ. ಕಿಡಿ ನೀಲಿ, ದಪ್ಪ. ಕಾಯಿಲ್ 3.2 ಓಮ್. ಥರ್ಮೋಸ್ಟಾಟ್ ಮನಿ (ಅದು ಕೂತಿರೋ ಡಬ್ಬಿ) ಹತ್ರ ಟೇಪ್ ಮ್ಯಾಲೆ 98 ಡಿಗ್ರಿ, ರೇಡಿಯೇಟರ್ ಬಲಗಡೆ ಕೆಳಗ 70, ಎಡಗಡೆ ನಾಲ್ಕು ಬೆರಳು ಅಗಲದ ಪಟ್ಟಿ 48. ಬ್ಲಾಕ್ ಟ್ಯಾಪಿನಾಗ ಒಂದು ಹನಿ ಬರಲಿಲ್ಲ, ತಂತಿ ಹಾಕಿದ ಮ್ಯಾಲೆ ಕೆಸರು ಬಂತು.

ನಿಂಬೆ ಉಪ್ಪಿನ ಕೆಲಸ ಈ ವಾರ ಮಾಡ್ತೀನಿ. ಪಂಪಿಗೆ ಏನು ಮಾಡಬೇಕು?

ಪಾಸಿಟಿವ್_ಅರ್ತ್, ಬಳ್ಳಾರಿ

ಹಾಗಾದರೆ ಕರೆಂಟ್ ಕಡೆ ಬಿಟ್ಟುಬಿಡಿ. ಪೆಟ್ರೋಲ್ ಆವಿ ಆಗ್ತಿದೆ, ಅದನ್ನು ಆವಿ ಮಾಡ್ತಿರೋದು ರೇಡಿಯೇಟರಿನ ಎಡಗಡೆಯ ಆ ಕಟ್ಟಿಹೋದ ಪಟ್ಟಿಯಿಂದ ಬಾನೆಟ್ ಒಳಗೆ ಏರಿದ ಶಾಖ.

ಮೈನರ್‌ನಲ್ಲಿ ಟ್ಯಾಂಕ್ ಹಿಂದೆ, ಪಂಪ್ ಮುಂದೆ ಬಾನೆಟ್ ಒಳಗೆ ಎತ್ತರದಲ್ಲಿ. ಗಾಡಿಯ ಉದ್ದಕ್ಕೂ ಪೆಟ್ರೋಲನ್ನು ಎಳೀಬೇಕು. ಎಳೆಯೋ ಪೈಪಿನಲ್ಲಿ ಒತ್ತಡ ಕಡಿಮೆ ಇರುತ್ತೆ, ಒತ್ತಡ ಕಡಿಮೆ ಆದಷ್ಟು ಪೆಟ್ರೋಲ್ ಕಡಿಮೆ ಶಾಖಕ್ಕೇ ಕುದಿಯುತ್ತೆ. ಪಂಪಿಗೆ ಮುಟ್ಟೋ ಮುಂಚಿನ ಕೊನೆಯ ಎರಡಡಿ ಪೈಪೇ ಬಿಸಿ ಜಾಗದಲ್ಲಿ ಹಾದುಹೋಗುತ್ತೆ. ಅದರ ಮೇಲೆ ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ 20% ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ 78 ಡಿಗ್ರಿಗೆ ಕುದಿಯುತ್ತೆ, ನಿಮ್ಮ ಥರ್ಮೋಸ್ಟಾಟ್ ಮನೆ 98ರಲ್ಲಿ ಐತೆ.

ರೇಡಿಯೇಟರ್ ಸರಿ ಮಾಡಿದ ಮೇಲೆ ಆ ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ (ಎಂಜಿನ್ನಿನ ಬಿಸಿ ಹೊಗೆ ಹೊರಬರೋ ಎರಕದ ಕೊಳವೆ) ಸಾಧ್ಯವಾದಷ್ಟು ದೂರ ಒಯ್ದು ಕ್ಲಿಪ್ ಹಾಕಿ. ಮ್ಯಾನಿಫೋಲ್ಡ್ ಮತ್ತು ಫ್ಲೋಟ್ ಬಟ್ಟಲಿನ ನಡುವೆ 1 ಮಿ.ಮೀ. ಅಲ್ಯುಮಿನಿಯಂ ತಗಡು ಕತ್ತರಿಸಿ ಕೂಡಿಸಿ, ಎರಡಕ್ಕೂ ಅಂಟಬಾರದು, ಮಧ್ಯೆ ಗಾಳಿ ಆಡಬೇಕು. ರಬ್ಬರ್ ಪೈಪ್ ಎಲ್ಲವನ್ನೂ ಎಥೆನಾಲ್ ತಡೆಯೋ ಎಸ್‌ಎಇ ಜೆ30 ಆರ್9 ಗುರುತಿನ ಹೋಸಿಗೆ ಬದಲಿಸಿ. ಎಳೆಯೋ ಕಡೆಯ ಹೋಸಿನಲ್ಲಿ ಕೂದಲೆಳೆ ಬಿರುಕಿದ್ದರೂ ಪೆಟ್ರೋಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಬರುತ್ತೆ, ಸದ್ದು ಅದೇ ಟಕಟಕ. ಕಣ್ಣಿಗೆ ಕಾಣದ ದೋಷ ಅದು.

ಆಮೇಲೆ ಪಂಪ್ ಅಳೀರಿ. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು, ಇಗ್ನಿಷನ್ ಒಂದು ನಿಮಿಷ ಆನ್ ಮಾಡಿ. ಅರ್ಧ ಲೀಟರಿಗೆ ಮೇಲೆ ಬರಬೇಕು. ಪೈಪಿನ ತುದಿ ಪೆಟ್ರೋಲಿನಲ್ಲಿ ಮುಳುಗಿಸಿ ಹಿಡಿದಾಗ ಗುಳ್ಳೆ ನಿಲ್ಲದೆ ಬಂದರೆ ಎಲ್ಲೋ ಗಾಳಿ ಸೇರ್ತಿದೆ.

ಯೂನಿವರ್ಸಲ್ ಪಂಪ್ ಬೇಡ. ಆ ಡಬ್ಬಿಗಳ ಮೇಲೆ 4ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ಅಂತ ಇರುತ್ತೆ. ಎಸ್‌ಯು ಪಂಪ್ ಕೊಡೋದು ಒಂದೂವರೆ ಪಿಎಸ್‌ಐ ಆಸುಪಾಸು, ನಿಮ್ಮ ಫ್ಲೋಟ್ ಸೂಜಿ ಅಷ್ಟಕ್ಕೇ ಮಾಡಿದ್ದು. ಹೆಚ್ಚು ಒತ್ತಡಕ್ಕೆ ಸೂಜಿ ಮುಚ್ಚದೆ ಪೆಟ್ರೋಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತೆ. ಬೆಂಕಿಯ ಮಾತು ಇದು. ಜೊತೆಗೆ ಅವುಗಳಲ್ಲಿ ಬಹಳಷ್ಟು ನೆಗೆಟಿವ್ ಅರ್ತಿಗೆ ಮಾಡಿದವು, ನಿಮ್ಮ ಗಾಡಿಗೆ ಹಾಕಿದರೆ ಒಳಗಿನ ಸರ್ಕ್ಯೂಟ್ ಸುಡಬಹುದು.

ಎಚ್2 ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಬರೋ ಸಣ್ಣ ಕೊಳವೆ) ಸುತ್ತ ಬಿರಡೆಯ (ಕಾರ್ಕ್) ಸೀಲ್ ಇರುತ್ತವೆ. ಗಾಡಿ ವಾರಗಟ್ಟಲೆ ನಿಂತರೆ ಒಣಗಿ ಕುಗ್ಗಿ, ಜೆಟ್ ಕೆಳಗೆ ತೊಟ್ಟಿಕ್ಕುತ್ತೆ. ವೈಟಾನ್ (ಪೆಟ್ರೋಲ್ ತಡೆಯೋ ರಬ್ಬರ್) ಸೀಲ್ ಕಿಟ್ ಸಿಕ್ಕರೆ ಅದನ್ನೇ ಹಾಕಿ. ಇ20ಗೆ ಮಿಕ್ಸ್ಚರ್ ಲೀನ್ ಆಗುತ್ತೆ (ಗಾಳಿಗೆ ಪೆಟ್ರೋಲ್ ಸಾಲಲ್ಲ; ಹೆಚ್ಚಾದರೆ ರಿಚ್), ಲೀನ್ ಆದ ಎಂಜಿನ್ ಇನ್ನೂ ಕಾಯುತ್ತೆ. ಜೆಟ್ ನಟ್ಟನ್ನು ಒಂದು ಮುಖ ಕೆಳಗಿಳಿಸಿ, ಬಿಸಿ ಎಂಜಿನ್ ಓಡ್ತಿರುವಾಗ ಕಾರ್ಬೊರೇಟರಿನ ಪಿಸ್ಟನ್ ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ನೋಡಿ. ಎಂಜಿನ್ ವೇಗ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ಏರಿ ಹಾಗೇ ಓಡಿದರೆ ರಿಚ್, ನಿಲ್ಲೋಕೆ ಬಂದರೆ ಇನ್ನೂ ಲೀನ್.

ಹಿತ್ತಾಳೆ_ಫ್ಲೋಟ್, ಗಂಗಾವತಿ

ಎರಡು ಮಾತು ಸೇರಿಸ್ತೀನಿ.

ಥರ್ಮೋಸ್ಟಾಟ್ ತೆಗೆದು ಹಾಗೇ ಓಡಿಸಬೇಡಿ. ಎ-ಸೀರೀಸ್‌ನಲ್ಲಿ ಹೆಡ್ ಮತ್ತು ವಾಟರ್ ಪಂಪ್ ನಡುವೆ ಗೇಣಿಗಿಂತ ಚಿಕ್ಕದೊಂದು ಬೈಪಾಸ್ ಹೋಸ್ ಇದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಮುಂದಿನಿಂದಲೇ ಸುಲಭದ ದಾರಿ ಹಿಡಿದು ಹಿಂದಿನ ಸಿಲಿಂಡರ್‌ಗಳ ಸುತ್ತ ಹರಿವು ಕಡಿಮೆಯಾಗುತ್ತೆ. ನಮ್ಮ ಬಿಸಿಲಿಗೆ 74 ಡಿಗ್ರಿಯದು ಹಾಕಿ. ಸಾಮಾನ್ಯವಾಗಿ ಬರೋದು 82ರದು. ಹಾಕುವ ಮೊದಲು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಕಾಯಿಸಿ, ಎಷ್ಟಕ್ಕೆ ತೆರೆಯುತ್ತೆ ನೋಡಿ. ಹೊಸದರಲ್ಲೂ ಸಿಕ್ಕಿಕೊಂಡವು ಬರುತ್ತವೆ. ಹೇಗೂ ಬಿಚ್ಚುತ್ತಿದ್ದೀರಿ, ಆ ಬೈಪಾಸ್ ಹೋಸನ್ನೂ ಬದಲಿಸಿ. ಮಡಿಕೆ ಮಡಿಕೆ ಇರುವ ಥರದ್ದು ಸಿಕ್ಕರೆ ವಾಟರ್ ಪಂಪ್ ಬಿಚ್ಚದೆಯೇ ಒತ್ತಿ ಕೂಡಿಸಬಹುದು.

ಫ್ಯಾನ್ ಬೆಲ್ಟ್ ಉದ್ದನೆಯ ಭಾಗದ ನಡುವೆ ಒತ್ತಿದರೆ 13 ಮಿ.ಮೀ. ಜಗ್ಗಬೇಕು.

ಇನ್ನೊಂದು, 948 ಸಿಸಿ ಅಂತ ಕೇಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಪಾರ್ಟ್ ಕೊಡೋ ಅಂಗಡಿಗಳಿವೆ. ಅಳತೆ ಮೋಸ ಮಾಡುತ್ತೆ: ಹೆರಾಲ್ಡ್ ಬೋರ್ 63, ಸ್ಟ್ರೋಕ್ 76 ಮಿ.ಮೀ., ಮೈನರ್ 62.9 ಮತ್ತು 76.2. ಆದರೆ ಎಂಜಿನ್ನೇ ಬೇರೆ, ಗ್ಯಾಸ್ಕೆಟ್ ಸಹ ಹೊಂದಲ್ಲ. ಅಂಬಾಸಿಡರ್‌ನ 1489 ಸಿಸಿ ಬಿ-ಸೀರೀಸ್, ಅದರ ಹೆಡ್, ಬ್ಲಾಕ್ ಪಾರ್ಟ್ ಕೂಡ ಬರಲ್ಲ.

ರಾಯಚೂರು_948

ಬಾಟಲಿಗೆ ನಿಮಿಷಕ್ಕ 300 ಮಿ.ಲೀ. ಅಷ್ಟೇ ಬಂತ್ರಿ, ಗುಳ್ಳೆ ಇಲ್ಲ. ಪಂಪಿನ ಡಯಾಫ್ರಮ್ (ಪೆಟ್ರೋಲ್ ಎಳೆಯೋ ತೆಳು ಪರದೆ) ಗಟ್ಟಿ ಆಗ್ಯದ. ಹೊಸಾದು ತರಿಸ್ತೀನಿ. ಸೆಟ್ಟಿಂಗ್ ಹೆಂಗ?

ಪಾಸಿಟಿವ್_ಅರ್ತ್, ಬಳ್ಳಾರಿ

ಬಿಚ್ಚೋ ಮೊದಲು ಕೆಳಗೆ ಬಿಳಿ ಬಟ್ಟೆ ಹಾಸಿ. ಆರ್ಮೇಚರ್ (ಡಯಾಫ್ರಮಿಗೆ ಅಂಟಿದ ಕಬ್ಬಿಣದ ಬಿಲ್ಲೆ) ಸುತ್ತ 11 ಪುಟ್ಟ ಹಿತ್ತಾಳೆ ರೋಲರ್ ಇವೆ, ಒಂದು ಉರುಳಿದರೂ ಪಂಪ್ ಕೂರಲ್ಲ. ಎರಡೂ ಮೈಗೆ ಸೇರಿ ಒಂದು ಗೀಟು ಎಳೆದುಕೊಂಡು, ಆರು ಸ್ಕ್ರೂ ತೆಗೆದು, ಡಯಾಫ್ರಮ್ ಎಡಕ್ಕೆ ತಿರುಗಿಸಿ ಬಿಚ್ಚಿ.

ಹೊಸದನ್ನು ಕೂಡಿಸುವಾಗ ಪಾಯಿಂಟಿನ ಬ್ಲೇಡ್ ಪಕ್ಕಕ್ಕೆ ಸರಿಸಿಟ್ಟುಕೊಳ್ಳಿ. ರೋಲರ್ ಜೋಡಿಸಿ ಡಯಾಫ್ರಮ್ ಬಲಕ್ಕೆ ತಿರುಗಿಸ್ತಾ ಹೋಗಿ, ಒತ್ತಿದರೂ ರಾಕರ್ (ಪಾಯಿಂಟ್ ತೆರೆದು ಮುಚ್ಚೋ ತುಂಡು) ಹಾರದ ತನಕ. ಈಗ ಪಂಪ್ ಅಡ್ಡ ಹಿಡಿದು, ಹೆಬ್ಬೆರಳಿಂದ ನಿಧಾನಕ್ಕೆ ಒತ್ತುತ್ತಾ ಒಂದೊಂದೇ ತೂತು ಎಡಕ್ಕೆ ಬಿಡಿ. ರಾಕರ್ ಮೊದಲ ಸಲ ಟಕ್ ಅಂದ ಜಾಗದಿಂದ ಹತ್ತಿರದ ತೂತಿಗೆ ಹೊಂದಿಸಿ, ಅಲ್ಲಿಂದ ಇನ್ನೂ ನಾಲ್ಕು ತೂತು ಬಿಡಿ. ಅಂದರೆ ಸುತ್ತಿನ ಮೂರರಲ್ಲಿ ಎರಡು ಭಾಗ. ಝಟ್ಟನೆ ಒತ್ತಬೇಡಿ, ಒತ್ತಿದರೆ ಮೊದಲೇ ಹಾರಿ ಲೆಕ್ಕ ತಪ್ಪುತ್ತೆ.

ಆರು ಸ್ಕ್ರೂ ಸಡಿಲವಾಗೇ ಹಾಕಿ ಬ್ಲೇಡ್ ವಾಪಸ್ ಕೂಡಿಸಿ. ಹೊರಗಿನ ರಾಕರಿನ ಬಿಳಿ ಫೈಬರ್ ರೋಲರ್ ಹಿಂದೆ ಬೆಂಕಿಕಡ್ಡಿ ಸಿಕ್ಕಿಸಿ ಪಾಯಿಂಟ್ ಮುಚ್ಚಿರುವಂತೆ ಮಾಡಿ 12 ವೋಲ್ಟ್ ಕೊಡಿ. ಕಾಯಿಲ್ ಡಯಾಫ್ರಮನ್ನು ಎಳೆದು ಹಿಡಿಯುತ್ತೆ. ಆ ಸ್ಥಿತಿಯಲ್ಲೇ ಎದುರುಬದುರು ಸ್ಕ್ರೂ ಬಿಗಿ ಮಾಡಿ, ಕರೆಂಟ್ ತೆಗೆದು, ಕಡ್ಡಿ ತೆಗೀರಿ. ಎಳೆಯದೆ ಬಿಗಿ ಮಾಡಿದರೆ ಡಯಾಫ್ರಮ್ ಅರ್ಧವೇ ಓಡಾಡುತ್ತೆ, ಬಾಟಲಿಗೆ ಮತ್ತೆ ಅದೇ 300 ಬರುತ್ತೆ.