ಅಪ್‌ಡೇಟ್: ಮೌಂಜಾರೊ ವಾಕರಿಕೆ, ಊಟ ಬದಲಿಸಿದ ಮೇಲೆ

ಮೌಂಜಾರೊ (ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್) ಡೋಸ್ 2.5ರಿಂದ 5 ಮಿ.ಗ್ರಾಂಗೆ ಏರಿಸಿದ ಮೇಲೆ ವಾಕರಿಕೆ, ಮಲಬದ್ಧತೆ ಶುರುವಾಗಿದೆ, ಏನು ತಿನ್ನಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಈಗ ಎಷ್ಟೋ ವಾಸಿ.

ಈ ಔಷಧಿಯಿಂದ ಹೊಟ್ಟೆ ಖಾಲಿಯಾಗುವುದೇ ನಿಧಾನ, ಜಿಡ್ಡು ತಿಂದರೆ ಇನ್ನೂ ನಿಧಾನ ಅಂತ ಡಾಕ್ಟರು ವಿವರಿಸಿದರು. ಪೂರಿ, ಬೋಂಡ ಬಿಟ್ಟೆ. ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಸಲ. ಇಂಜೆಕ್ಷನ್ ಮರುದಿನ ನನಗೆ ಒಗ್ಗುವುದು ಇಡ್ಲಿ, ರಾಗಿ ಅಂಬಲಿ, ಮೊಸರನ್ನ ಅಷ್ಟೇ. ಹಸಿವಿಲ್ಲ ಅಂತ ಪ್ರೋಟೀನ್ ಮಾತ್ರ ಬಿಡಬೇಡಿ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊಟ್ಟೆ ಅಥವಾ ಹೆಸರುಕಾಳಿನ ಉಸಲಿ ಮೊದಲು, ಅನ್ನ ಆಮೇಲೆ. ಮಲಬದ್ಧತೆಗೆ ಬಸ್ಸಾರು, ಸೊಪ್ಪಿನ ಪಲ್ಯ, ಪರಂಗಿ ಹಣ್ಣು, ಜೊತೆಗೆ ಸಾಕಷ್ಟು ನೀರು.

ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಬಂದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. 7.5ಕ್ಕೆ ಏರಿಸುವುದನ್ನು ಡಾಕ್ಟರು ಸದ್ಯಕ್ಕೆ ಮುಂದೂಡಿದ್ದಾರೆ.