‘ಹೈ ಡೆಫಿನಿಷನ್’ ಕ್ಯಾಮೆರಾ: ಈ ‘ಡೆಫಿನಿಷನ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹಾಸನದ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರ್‌ಗೆ ಹೊಸದಾಗಿ ಸೇರುವ ನರ್ಸ್‌ಗಳಿಗಾಗಿ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಒಳಗಿನದನ್ನು ಮಾನಿಟರ್‌ನಲ್ಲಿ ನೋಡುತ್ತ ಮಾಡುವ ಆಪರೇಷನ್) ಕ್ಯಾಮೆರಾ ಜೋಡಿಸುವುದು, ಒರೆಸುವುದು, ಎತ್ತಿಡುವುದು, ಇಷ್ಟೇ ವಿಷಯ. ಟ್ರೋಕಾರ್ (ಆ ತೂತಿಗೆ ತೂರಿಸುವ ಕೊಳವೆ), ಮಾನಿಟರ್, ಲೈಟ್ ಕೇಬಲ್ ಎಲ್ಲವನ್ನೂ ಹಾಗೇ ಬಿಟ್ಟಿದ್ದೇನೆ. ಅವಕ್ಕೆಲ್ಲ ಹೊಸ ಪದ ಕಟ್ಟಿದರೆ ಥಿಯೇಟರ್‌ನಲ್ಲಿ ಯಾರೂ ಬಳಸುವುದಿಲ್ಲ. ತೊಡಕಾಗಿರುವುದು ‘ಹೈ ಡೆಫಿನಿಷನ್’.

ನಿಘಂಟು ತೆಗೆದರೆ ಡೆಫಿನಿಷನ್ ಅಂದರೆ ‘ವ್ಯಾಖ್ಯೆ’. ಅದನ್ನೇ ಹಿಡಿದು ‘ಉನ್ನತ ವ್ಯಾಖ್ಯಾನದ ಕ್ಯಾಮೆರಾ’ ಎಂದು ಅಚ್ಚು ಹಾಕಿಸಿದ ಕರಪತ್ರವನ್ನೂ ನೋಡಿದೆ. ಗಮಕಿಗಳು ಪದ್ಯ ಹಾಡಿದ ಮೇಲೆ ಇದು ಅರ್ಥ ಹೇಳುತ್ತದೋ ಏನೋ!

ಹೆಚ್ಚಿನವರು ಬರೆಯುವುದು ‘ಅಧಿಕ ಸ್ಪಷ್ಟತೆ’. ನನ್ನ ತಕರಾರು ಇರುವುದು ಅಲ್ಲೇ. ಎಚ್‌ಡಿ ಅನ್ನುವುದು ಚಿತ್ರದಲ್ಲಿರುವ ಚುಕ್ಕಿಗಳ ಲೆಕ್ಕ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080, ಒಟ್ಟು 20 ಲಕ್ಷಕ್ಕೂ ಮೇಲೆ. 4ಕೆ ಕ್ಯಾಮೆರಾದಲ್ಲಿ ಅದರ ನಾಲ್ಕರಷ್ಟು. ಆದರೆ ಚುಕ್ಕಿ ಎಷ್ಟಿದ್ದರೇನು, ತಣ್ಣಗಿರುವ ಟೆಲಿಸ್ಕೋಪನ್ನು (ಕ್ಯಾಮೆರಾಕ್ಕೆ ಜೋಡಿಸುವ ಉದ್ದನೆಯ ಕೊಳವೆ) ಹೊಟ್ಟೆಯೊಳಗೆ ಇಳಿಸಿದ ಕೂಡಲೇ ಒಳಗಿನ ಬಿಸಿಗೆ, ತೇವಕ್ಕೆ ತುದಿಯ ಗಾಜಿನ ಮೇಲೆ ಮಂಜು ಕೂರುತ್ತದೆ. ಮಾನಿಟರ್ ಪೂರ್ತಿ ಮಬ್ಬು. ‘ಫಾಗ್ ಆಯ್ತು, ಕ್ಲೀನ್ ಮಾಡಿ’ ಅಂತಾರೆ ಡಾಕ್ಟರು. ಹೊರಗೆ ತೆಗೆದು, ಸ್ಟೆರೈಲ್ ಮಾಡಿದ ಬಿಸಿ ನೀರಲ್ಲಿ ಅದ್ದಿ, ಒರೆಸಿ, ಮತ್ತೆ ಒಳಗೆ. ಸಕಲೇಶಪುರ ಕಡೆಯ ಸಿಸ್ಟರ್ ಒಬ್ಬರು ಇದಕ್ಕೆ ‘ಕಾವಳ ಕವಿದಿದೆ’ ಅಂದರು. ಕೈಪಿಡಿಗೆ ಅದನ್ನೇ ಹಾಕಿಕೊಳ್ಳುವ ಆಸೆಯಿದೆ.

ಶುರುವಿಗೆ ಬಿಳಿ ಬಟ್ಟೆ ತೋರಿಸಿ ವೈಟ್ ಬ್ಯಾಲೆನ್ಸ್ ಮಾಡದಿದ್ದರೂ ಅಷ್ಟೇ, ಬಣ್ಣವೇ ಕೆಡುತ್ತದೆ. ಆಗಲೂ ಅದು ಎಚ್‌ಡಿ ಚಿತ್ರವೇ. ‘ಅಧಿಕ ಸ್ಪಷ್ಟತೆಯ ಕ್ಯಾಮೆರಾದಲ್ಲಿ ಚಿತ್ರ ಅಸ್ಪಷ್ಟವಾಗಿದ್ದರೆ’ ಎಂದು ಬರೆಯುವುದು ಹೇಗೆ, ಹೇಳಿ?

ನನಗೆ ಹೊಳೆದದ್ದು ‘ಒತ್ತುಚುಕ್ಕಿ’. ಅಂಗಳದ ಅಷ್ಟೇ ಜಾಗದಲ್ಲಿ ಚುಕ್ಕಿ ಜಾಸ್ತಿ ಇಟ್ಟರೆ ರಂಗೋಲಿ ನವಿರಾಗಿ ಬರುತ್ತದಲ್ಲ, ಹಾಗೆ. ಆದರೆ ‘ಒತ್ತು’ ಅಂದ ಕೂಡಲೇ ‘ಅದುಮು’ ಅನ್ನುವ ಅರ್ಥವೂ ಬರುತ್ತದೆ. ಕ್ಯಾಮೆರಾ ಹೆಡ್ ಮೇಲೆ ನಿಜಕ್ಕೂ ಒತ್ತುವ ಗುಂಡಿಗಳಿವೆ. ಹೊಸ ಹುಡುಗಿಯರು ಅದೇ ಇದು ಅಂದುಕೊಂಡರೆ ಕಷ್ಟ. ‘ದಟ್ಟಚುಕ್ಕಿ’ ಅಂದರೆ ಈ ಗೊಂದಲ ಇಲ್ಲ, ಆದರೆ ಚುಕ್ಕಿಯೇ ದಪ್ಪಗಿದೆ ಅನ್ನಿಸುತ್ತದೆ.

ಸುಮ್ನೆ ‘ಎಚ್‌ಡಿ’ ಅಂತ ಬಿಡಿ ಅನ್ನುವವರಿಗೆ: ಹೆಸರಿಗೆ ಅದೇ ಇರಲಿ, ಒಪ್ಪಿದೆ. ಅದರ ಅರ್ಥ ಬಿಡಿಸಿ ಹೇಳುವ ಸಾಲಿಗೆ ಪದ ಬೇಕಾಗಿದೆ. ಅಚ್ಚುಕೂಟದಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ. ಫೋಟೋವನ್ನು ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ಬ್ಲಾಕ್‌ಗಳಲ್ಲೂ ಚುಕ್ಕಿಯ ಲೆಕ್ಕ ಇತ್ತಲ್ವಾ? ಒರಟು ಸ್ಕ್ರೀನು, ನಯ ಸ್ಕ್ರೀನು ಅನ್ನುವುದಕ್ಕೆ ನೀವು ಕನ್ನಡದಲ್ಲಿ ಏನು ಹೇಳುತ್ತಿದ್ದಿರಿ?