ಇಂಜಿನ್ ಬಿಚ್ಚಿದ್ದೇನೆ, ಹೊಗೆ ನಿಯಂತ್ರಣದ ಭಾಗಗಳನ್ನು ಕೀಳಲಾ?

ಹಳೇಗಾಡಿ: ಮೇಸ್ತ್ರಿ, 1978ರ ಕಾರ್ಬ್ಯುರೇಟರ್ ಕಾರು. ಇಂಜಿನ್ ಬೋರ್ ಮಾಡಿಸಿ ಜೋಡಿಸುತ್ತಿದ್ದೇನೆ. ಎಕ್ಸಾಸ್ಟ್ ಗ್ಯಾಸನ್ನು ಸ್ವಲ್ಪ ಮತ್ತೆ ಇಂಜಿನ್‌ಗೆ ಕೊಡುವ ಇಜಿಆರ್ ವಾಲ್ವ್, ಎಕ್ಸಾಸ್ಟ್‌ಗೆ ಗಾಳಿ ಊದುವ ಏರ್ ಪಂಪ್, ಹತ್ತಾರು ವ್ಯಾಕ್ಯೂಮ್ ಪೈಪು. ಎಲ್ಲ ಬೇಕಾ?

ಮೇಸ್ತ್ರಿ: ಆ ವರ್ಷದ ಗಾಡಿಗೆ ನಿಮ್ಮ ಕಡೆ ಹೊಗೆ ತಪಾಸಣೆ ನಿಯಮ ಏನಿದೆ, ಮೊದಲು ನೋಡಿ. ಇರಲೇಬೇಕು ಅಂತಿದ್ದರೆ ಮುಟ್ಟಬೇಡಿ. ವಿನಾಯಿತಿ ಇದ್ದರೆ ಏರ್ ಪಂಪ್ ತೆಗೆದು, ಎಕ್ಸಾಸ್ಟ್ ಕಡೆಯ ತೂತುಗಳಿಗೆ ಥ್ರೆಡ್ ಪ್ಲಗ್ ಹಾಕಿ. ಪವರ್ ಜಾಸ್ತಿ ಆಗುತ್ತದೆ ಅನ್ನುವ ಆಸೆ ಬೇಡ.

ಸ್ಪ್ಯಾನರ್: ಇಜಿಆರ್ ತೂತಿಗೆ ಎಪಾಕ್ಸಿ ಪುಟ್ಟಿ ತುಂಬಿದರೆ ಸಾಕು ಅಂತ ಒಂದು ಮೆಸೇಜ್ ಓಡಾಡುತ್ತಿದೆ.

ಮೇಸ್ತ್ರಿ: ಫಾರ್ವರ್ಡ್ ಮಾಡಿದವರು ಮೊದಲು ಅವರ ಗಾಡಿಗೆ ತುಂಬಲಿ. ಅಲ್ಲಿ ಹರಿಯುವುದು ಸುಡುವ ಎಕ್ಸಾಸ್ಟ್ ಗ್ಯಾಸ್. ಗ್ಯಾಸ್ಕೆಟ್ ಇಟ್ಟು ಸ್ಟೀಲ್ ಪ್ಲೇಟ್ ಬಿಗಿಯಿರಿ.

ಕ್ಲಚ್ಚು: ನಾನು ಇಜಿಆರ್ ಜೊತೆ ಪಿಸಿವಿ ವಾಲ್ವನ್ನೂ ತೆಗೆದು, ಇಂಜಿನ್ ಒಳಕ್ಕೆ ಗಾಳಿ ಬರುವ ಬ್ರೀದರ್ ಪೈಪು ಸಮೇತ ಎಲ್ಲ ಮುಚ್ಚಿದೆ. ರಿಂಗು, ಸೀಲು ಎಲ್ಲ ಹೊಸದು. ಆದರೂ ಗೇರ್‌ಬಾಕ್ಸ್ ಸಂದಿಯಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆ. ಒಂದೇ ವೇಗದಲ್ಲಿ ಹೋಗುವಾಗ ಕಟಕಟ ಸದ್ದು ಬೇರೆ.

ಮೇಸ್ತ್ರಿ: ಸದ್ಯಕ್ಕೆ ಗಾಡಿ ಓಡಿಸಬೇಡಿ. ರಿಂಗ್ ಎಷ್ಟೇ ಹೊಸದಿರಲಿ, ಒಂದಿಷ್ಟು ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ಇಳಿದೇ ಇಳಿಯುತ್ತದೆ. ಅದನ್ನು ಎಳೆದು ಇನ್‌ಟೇಕ್‌ಗೆ ಕೊಡುವುದು ಪಿಸಿವಿ. ನೀವು ದಾರಿ ಮುಚ್ಚಿದಿರಿ, ಒತ್ತಡ ಸೀಲ್ ಸಂದಿಯಲ್ಲಿ ದಾರಿ ಮಾಡಿಕೊಂಡಿತು. ಹೀಗೇ ಬಿಟ್ಟರೆ ಆವಿ ಒಳಗೇ ಉಳಿದು ಆಯಿಲ್ ಕೆಸರಾಗುತ್ತದೆ. ಸೀಲ್‌ಗೆ ಕೈ ಹಾಕುವ ಮೊದಲು ಪಿಸಿವಿ ವಾಪಸ್ ಹಾಕಿ, ಬ್ರೀದರ್ ತೆರೆಯಿರಿ, ಗೇರ್‌ಬಾಕ್ಸ್ ಇಳಿಸುವ ಕೆಲಸ ತಪ್ಪಿದರೂ ತಪ್ಪಬಹುದು. ಆಮೇಲೆ ಐಡಲ್‌ನಲ್ಲಿ ಬ್ರೀದರ್ ಪೈಪನ್ನು ಬೆರಳಿನಿಂದ ಮುಚ್ಚಿ, ಆಯಿಲ್ ಹಾಕುವ ಬಾಯಿ ಮೇಲೆ ತೆಳು ಕಾಗದ ಇಡಿ. ಸ್ವಲ್ಪ ಹೊತ್ತಿನಲ್ಲಿ ಕಾಗದ ಅಂಟಿಕೊಂಡು ಒಳಕ್ಕೆ ತಗ್ಗಬೇಕು. ಎದ್ದು ಪಟಪಟ ಹಾರಿದರೆ ಪಿಸಿವಿ ಕಟ್ಟಿಕೊಂಡಿದೆ, ಇಲ್ಲ ರಿಂಗ್ ಇನ್ನೂ ಕೂತಿಲ್ಲ.

ಕಟಕಟ ಸದ್ದು ನಾಕಿಂಗ್ ಇರಬೇಕು, ಅಂದರೆ ಪೆಟ್ರೋಲ್ ತಾನೇ ಸಿಡಿಯುವುದು. ಇಜಿಆರ್ ಒಳಗಿನ ಉರಿ ತಗ್ಗಿಸುತ್ತಿತ್ತು. ಆ ಲೆಕ್ಕದಲ್ಲೇ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್, ಅಂದರೆ ಕಿಡಿ ಎಷ್ಟು ಮುಂಚೆ ಹಾರಬೇಕು ಅನ್ನುವುದನ್ನು, ಇಟ್ಟಿರುತ್ತಾರೆ. ನೀವು ಇಜಿಆರ್ ಕಿತ್ತಿರಿ, ಅಡ್ವಾನ್ಸ್ ಹಾಗೇ ಬಿಟ್ಟಿರಿ. ಅದನ್ನು ಕಮ್ಮಿ ಮಾಡಿ, ಇಲ್ಲ ಇಜಿಆರ್ ಮತ್ತೆ ಕೂರಿಸಿ. ಪಿಸ್ಟನ್ ತೂತಾದ ಮೇಲೆ ನನ್ನನ್ನು ಕೇಳಬೇಡಿ.

ಒರಿಜಿನಲ್: ಅದಕ್ಕೇ ಹೇಳುವುದು, ಕಂಪನಿ ಇಟ್ಟಿದ್ದನ್ನು ಕೀಳಬಾರದು.

ಸ್ಪ್ಯಾನರ್: ನಿಮ್ಮ ಗಾಡಿ ಶೆಡ್ ಬಿಟ್ಟು ಹೊರಗೆ ಬಂದು ಎಷ್ಟು ವರ್ಷ ಆಯ್ತು ಸ್ವಾಮಿ?

ಒರಿಜಿನಲ್: ಪುಟ್ಟಿ ತುಂಬುವವರ ಜೊತೆ ನನಗೆ ಮಾತಿಲ್ಲ.

ಸ್ಪ್ಯಾನರ್: ನಾನು ತುಂಬಿದೆ ಅಂದೆನಾ? ಸುಮ್ನೆ ಕೇಳಿದ್ದು.

ಹೊಸಬ: ಸರ್, ಏರ್ ಕ್ಲೀನರ್‌ಗೆ ಬರುವ ಬಿಸಿಗಾಳಿ ಪೈಪು ಬೇಕಾ?

ಬಾನೆಟ್: ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡುವ ಚಾರ್ಕೋಲ್ ಡಬ್ಬಿ ತೆಗೆದು ಟ್ಯಾಂಕ್ ಪೈಪಿಗೆ ಬೋಲ್ಟ್ ಜಡಿಯಲಾ?

ಮೇಸ್ತ್ರಿ: ಬೇಡ. ಟ್ಯಾಂಕ್ ಉಸಿರಾಡಬೇಕು. ಪೈಪನ್ನು ಇಂಜಿನ್ ಹತ್ತಿರ ತೆರೆದು ಬಿಡುವುದೂ ಬೇಡ, ಪೆಟ್ರೋಲ್ ಆವಿಗೆ ಬೆಂಕಿ ಹತ್ತುತ್ತದೆ. ಡಬ್ಬಿ ಅಲ್ಲೇ ಇರಲಿ.

ಡಿಕ್ಕಿ: ಪಿಸಿವಿ ತೆಗೆಯಬಹುದಾ?

ಮೇಸ್ತ್ರಿ: ಮೇಲೆ ಓದಿ.

ಟೈರು: ಪಿಸಿವಿ ಬದಲು ಸಣ್ಣ ಫಿಲ್ಟರ್ ಸಿಕ್ಕಿಸಿದರೆ?

ಮೇಸ್ತ್ರಿ: ಅದು ಗ್ಯಾಸ್ ಎಳೆಯುವುದಿಲ್ಲ. ಮೇಲೆ ಓದಿ ಅಂದೆ.

ಒರಿಜಿನಲ್: ಓದುವ ವ್ಯವಧಾನ ಯಾರಿಗಿದೆ ಇಲ್ಲಿ?

ಸ್ಪ್ಯಾನರ್: ಮತ್ತೆ ಶುರು ಮಾಡಿದ್ರಾ?

ಹೊಸಬ: ಸರ್, ಬಿಸಿಗಾಳಿ ಪೈಪು?